ಬಯಾಪ್ಸಿಗೆ ಹೆದರಬೇಡ ಮಗಳೇ

ಮಗಳೇ, ಚರ್ಮದ ಡಾಕ್ಟರು ನೆತ್ತಿಯ ಬಯಾಪ್ಸಿ ಮಾಡಿಸಬೇಕು ಅಂದದ್ದಕ್ಕೆ ಅತ್ತುಬಿಟ್ಟೆಯಂತೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತಲೇ ನಮ್ಮ ಪಿರಿಯಾಪಟ್ಟಣದ ಕಡೆ ತಿಳಿಯುತ್ತಾರೆ. ಇದು ಅದಲ್ಲ ಕಣಮ್ಮ.

ಕೂದಲು ಉದುರುವವರಿಗೆಲ್ಲ ಈ ಪರೀಕ್ಷೆ ಬೇಕಿಲ್ಲ. ಡೆಂಗಿ, ಟೈಫಾಯ್ಡ್ ಬಂದುಹೋದ ಮೇಲೋ ಬಾಣಂತನದಲ್ಲೋ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುವುದು ಬಹುಪಾಲು ತಾನೇ ನಿಲ್ಲುತ್ತದೆ. ನಿನ್ನದು ಹಾಗಿಲ್ಲ. ನುಣ್ಣಗೆ ಹೊಳೆಯುವ ಬೋಳು, ಅಂಚಿನಲ್ಲಿ ಕೆಂಪು, ಉರಿ. ಕೂದಲಿನ ಬುಡವನ್ನೇ ಕೊಂದು ಕಲೆಗಟ್ಟಿಸುವ ಕಾಯಿಲೆಗಳಿವೆ: ಲೈಕೆನ್ ಪ್ಲಾನೋಪಿಲಾರಿಸ್, ಡಿಸ್ಕಾಯ್ಡ್ ಲೂಪಸ್. ಸತ್ತ ಬುಡದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕಾದರೆ ಯಾವ ಕಾಯಿಲೆ ಅಂತ ಬೇಗ ಗೊತ್ತಾಗಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು.

ಅದನ್ನು ತಿಳಿಯಲಿಕ್ಕೇ ಬಯಾಪ್ಸಿ. ಮೊದಲು ಮರಗಟ್ಟಿಸುವ ಇಂಜೆಕ್ಷನ್. ನೋವು ಅಂದರೆ ಅದೇ. ಆಮೇಲೆ 4 ಮಿಲಿಮೀಟರ್ ಅಗಲದ ದುಂಡು ಬ್ಲೇಡನ್ನು ಚರ್ಮದಡಿಯ ಕೊಬ್ಬಿನವರೆಗೆ ಇಳಿಸಿ, ಸಾಮಾನ್ಯವಾಗಿ ಎರಡು ಚೂರು ತೆಗೆಯುತ್ತಾರೆ. ಒಂದೆರಡು ಹೊಲಿಗೆ, ವಾರ ಹತ್ತು ದಿನಕ್ಕೆ ಬಿಚ್ಚುತ್ತಾರೆ. ಲ್ಯಾಬಿನಲ್ಲಿ ಒಂದು ಚೂರನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕೊಯ್ಯುತ್ತಾರೆ. ಅಡ್ಡ ಕೊಯ್ದದ್ದರಲ್ಲಿ ಬುಡಗಳೆಲ್ಲ ಒಟ್ಟಿಗೆ ಕಾಣುವುದರಿಂದ ದಪ್ಪ ಕೂದಲೆಷ್ಟು, ಸಣಕಲಾದದ್ದೆಷ್ಟು ಎಣಿಸಬಹುದು. ವಂಶದಿಂದ ಬಂದ ಬೋಳಾದರೆ ಸಣಕಲು ಹೆಚ್ಚಿರುತ್ತದೆ. ಹುಳ ತಿಂದಿದೆ ಅಂತ ನಮ್ಮವರು ಗುಲಗಂಜಿ ತೇದು ಹಚ್ಚುವ ದುಂಡು ಬೋಳಾದರೆ, ಬುಡದ ಸುತ್ತ ಬಿಳಿ ರಕ್ತಕಣಗಳು ಜೇನುನೊಣಗಳಂತೆ ಮುತ್ತಿರುತ್ತವೆ.

ಒಂದು ಮಾತು ಮರೆಯಬೇಡ. ಬೋಳಿನ ನಟ್ಟನಡುವಿನಿಂದ ತೆಗೆದರೆ ಬರೀ ಕಲೆ ಸಿಗುತ್ತದೆ. ಕೂದಲಿನ್ನೂ ಉಳಿದಿರುವ ಕೆಂಪು ಅಂಚಿನಲ್ಲಿ ತೆಗೆಯಬೇಕು. ಉರಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸು. ಅಂಗಡಿಯಿಂದ ತಂದು ಹಚ್ಚಿದ ಮುಲಾಮನ್ನೂ ಮುಚ್ಚಿಡಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಾಯಿಲೆಯ ಗುರುತೇ ಮಾಸಿರಬಹುದು.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಿಂದ ಹಕ್ಕಿಪಿಕ್ಕಿಯವರ ಎಣ್ಣೆ ತರಿಸೋಣ ಅಂತ ನಿಮ್ಮಮ್ಮ ಹೇಳುತ್ತಿದ್ದಳು. ಕಾಡು ಬಿಟ್ಟು ಬಂದ ಆ ಜನ ಕೂದಲೆಣ್ಣೆ ಮಾರಿ ಬದುಕು ಕಟ್ಟಿಕೊಂಡದ್ದಕ್ಕೆ ನನಗೆ ಗೌರವವಿದೆ. ಆದರೆ ಕಲೆಗಟ್ಟಿದ ಬುಡವನ್ನು ಯಾವ ಎಣ್ಣೆಯೂ ಬದುಕಿಸದು. ಎಣ್ಣೆ ಹಚ್ಚಿ ಕಾಯುವಷ್ಟರಲ್ಲಿ ಬೋಳು ಇನ್ನಷ್ಟು ಹರಡಬಹುದು.

ಬಯಾಪ್ಸಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗೋಣ, ಅದು ಮೆಡಿಕಲ್ ಕಾಲೇಜಿಗೆ ಸೇರಿದ ಸರ್ಕಾರಿ ಆಸ್ಪತ್ರೆ. ಕೆ.ಆರ್. ನಗರದವರಾಗಲಿ ಎಚ್.ಡಿ. ಕೋಟೆಯವರಾಗಲಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಸೋಮವಾರ ನಾನೂ ಬರುತ್ತೇನೆ. ತಿಂಡಿ ತಿಂದೇ ಹೊರಡೋಣ, ಇದಕ್ಕೆ ಹಸಿದ ಹೊಟ್ಟೆ ಬೇಡ.