ಖಾನೇಸುಮಾರಿಯ ಎರಡನೆಯ ಪ್ರಶ್ನೆ



ನಾನು ಬಿ.ಕಾಂ. ಎರಡನೆಯ ವರ್ಷದವನು. ಕಥೆ, ಕವಿತೆ ನನ್ನ ಕೈಗೆ ಹತ್ತುವ ಸಂಗತಿಯಲ್ಲ. ಸಂಪಾದಕರು "ನಾಲ್ಕು ಪುಟ ಖಾಲಿ ಉಳಿದಿದೆ, ನಿನ್ನ ಆ ಫಾರ್ಮಿನ ಪುರಾಣವನ್ನೇ ಬರೆದು ಕೊಡು" ಅಂದದ್ದರಿಂದ ಬರೆಯುತ್ತಿದ್ದೇನೆ. ಸ್ಟ್ಯಾಟಿಸ್ಟಿಕ್ಸ್ ಇರುವವರಿಗೆ ಪರೀಕ್ಷೆಗೆ ಉಪಯೋಗವಾದೀತು. ಇಲ್ಲದವರಿಗೆ, ಗಣತಿಯವರು ಬಾಗಿಲು ತಟ್ಟಿದ ದಿನ ಉಪಯೋಗವಾದೀತು.

2025ರ ದೀಪಾವಳಿ ರಜೆಗೆ ಮುಂಚೆ ನಮ್ಮ ಸರ್ ಒಂದು ಕೆಲಸ ಕೊಟ್ಟರು. 2011ರ ಜನಗಣತಿಯಲ್ಲಿ ಮನೆಮನೆಗೆ ಒಯ್ದ ಫಾರ್ಮಿನಲ್ಲಿ 29 ಪ್ರಶ್ನೆಗಳಿದ್ದವು. ಅದರಿಂದ ಹನ್ನೆರಡನ್ನು ಆರಿಸಿ ನಮ್ಮದೇ ಸಣ್ಣ ಫಾರ್ಮು ಮಾಡಬೇಕು. ಸಿರಿವಂತರ ಬಡಾವಣೆಯಲ್ಲಿ ಇಪ್ಪತ್ತು ಮನೆ, ಬಡವರ ಬಡಾವಣೆಯಲ್ಲಿ ಇಪ್ಪತ್ತು ಮನೆ ತುಂಬಿಸಿ ತರಬೇಕು. ಹೆಸರು ಕೇಳುವಂತಿಲ್ಲ. ನನಗೆ ಜೊತೆಯಾಗಿ ಸಿಕ್ಕವನು ಒಬ್ಬ ಮರಾಠಿ ಹುಡುಗ. ಇಬ್ಬರೂ ಸೇರಿ ಪೊವಾಯಿ ಕೆರೆಯ ಕಡೆಯ ಒಂದು ಟವರನ್ನೂ, ಘಾಟ್‌ಕೋಪರ್ ಪಶ್ಚಿಮದ ಅಸಲ್ಫಾ ಗುಡ್ಡವನ್ನೂ ಆರಿಸಿಕೊಂಡೆವು. ಎರಡರ ನಡುವೆ ಹೆಚ್ಚು ದೂರವಿಲ್ಲ. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಗೂ ಸಾಲದು.

ಮೊದಲು ಟವರ್. ಗೇಟಿನಲ್ಲಿ ರಿಜಿಸ್ಟರು, ಅದರಾಚೆ ಇಂಟರ್‌ಕಾಮ್, ಅದರಾಚೆ ಲಿಫ್ಟ್. ನಮ್ಮ ಕಾಲೇಜಿನ ಚೀಟಿ ನೋಡಿದ ಸೊಸೈಟಿಯ ಸೆಕ್ರೆಟರಿಗಳು, "ಮೇಲೆ ಹೋಗುವುದು ಬೇಡ. ಫಾರ್ಮು ವಾಚ್‌ಮನ್ ಹತ್ತಿರ ಕೊಟ್ಟು ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ" ಅಂದರು. ನಮಗೆ ಖುಷಿಯೇ ಆಯಿತು. ಮೆಟ್ಟಿಲಿಲ್ಲ, ಬೆವರಿಲ್ಲ. ಆಮೇಲೆ ತಿಳಿಯಿತು, ಇದೇನು ಹೊಸ ಪದ್ಧತಿಯಲ್ಲ. 1948ರ ಜನಗಣತಿ ಕಾಯ್ದೆಯ 10ನೆಯ ಕಲಮಿನಲ್ಲೇ ಇದಕ್ಕೆ ಅವಕಾಶವಿದೆ. ಗಣತಿಯವರು ಫಾರ್ಮನ್ನು ಮನೆಯಲ್ಲಿ ಬಿಟ್ಟು ಹೋಗಬಹುದು, ಮನೆಯವರು ತುಂಬಿಸಿ ಇಡಬೇಕು.

ನಾಲ್ಕು ದಿನ ಬಿಟ್ಟು ಹೋದರೆ ಇಪ್ಪತ್ತರಲ್ಲಿ ಆರು ಬಂದಿದ್ದವು. ಮತ್ತೆ ಎರಡು ಸಲ ಅಲೆದ ಮೇಲೆ ಹನ್ನೊಂದಾಯಿತು. ಎಲ್ಲವೂ ಚೆಂದದ ಅಕ್ಷರ, ಒಂದೂ ಕಾಟು ಹೊಡೆದದ್ದಿಲ್ಲ. "ಮನೆಯಲ್ಲಿ ಇರುವವರು ಎಷ್ಟು ಮಂದಿ" ಎಂಬಲ್ಲಿ ಮೂರು, ನಾಲ್ಕು, ಎರಡು. ನೋಡಿದರೆ ಕಣ್ಣಿಗೆ ತಂಪು.

ಹನ್ನೆರಡನೆಯದು ಒಂಬತ್ತನೆಯ ಮಾಳಿಗೆಯದು. ಅದನ್ನು ಕೊಡಲಿಕ್ಕೆ ಒಬ್ಬಳು ಹುಡುಗಿ ಕೆಳಗೆ ಬಂದಳು. ಹದಿನೆಂಟು ಹತ್ತೊಂಬತ್ತು ಇರಬಹುದು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ತುಳುವಿನಲ್ಲಿ ಮಾತಾಡಿ, ನಡುವೆ ಪಕ್ಕದ ಮನೆಯ ಮಾಮಿಗೆ ಎರಡು ಮಾತು ಕನ್ನಡದಲ್ಲಿ ಹೇಳಿದ್ದೆ. ಅದು ಅವಳ ಕಿವಿಗೆ ಬಿತ್ತು.

"ನೀವು ಕನ್ನಡದವರೇನ್ರಿ ಅಣ್ಣಾ?"

ಊರು ಯಾದಗಿರಿ ಕಡೆ. ಆ ಮನೆಯಲ್ಲಿ ಮಗು ನೋಡಿಕೊಳ್ಳಲು ಬಂದು ಮೂರು ವರ್ಷವಾಗಿದೆ. ಊಟ ಅಲ್ಲೇ, ಮಲಗುವುದು ಅಡಿಗೆ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಊರಿಗೆ ವರ್ಷಕ್ಕೊಮ್ಮೆ, ಜಾತ್ರೆಗೆ. ಫಾರ್ಮು ನನ್ನ ಕೈಗೆ ಕೊಡುತ್ತಾ ಕೇಳಿದಳು: "ಇದ್ರಾಗ ನಂದೂ ಬರ್ದಾರೇನ್ರಿ?"

ನೋಡಿದೆ. ಗಂಡ, ಹೆಂಡತಿ, ಮಗು. ಒಟ್ಟು ಮೂರು.

ಏನು ಹೇಳಬೇಕೋ ತೋಚದೆ "ನೋಡ್ತೀನಮ್ಮ" ಅಂದೆ. ಅವಳು ನಕ್ಕು ಲಿಫ್ಟಿಗೆ ಹೋದಳು. ಕೆಲಸದವರ ಲಿಫ್ಟು ಬೇರೆ ಇತ್ತು.

ಇಲ್ಲಿ ಸ್ವಲ್ಪ ಪಾಠ. ಗಣತಿಯ ಭಾಷೆಯಲ್ಲಿ 'ಕುಟುಂಬ' ಎಂದರೆ ರಕ್ತಸಂಬಂಧವಲ್ಲ. ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡಿಗೆಯ ಊಟ ಮಾಡುವವರೆಲ್ಲ ಒಂದು ಕುಟುಂಬ. ಕೆಲಸದ ನಿಮಿತ್ತ ಯಾರಾದರೂ ಹೊರಗೆ ಉಂಡರೂ ಲೆಕ್ಕ ಅದೇ. ಒಲೆಯೇ ಅಳತೆ. ಆದ್ದರಿಂದ ಮನೆಯಲ್ಲೇ ಇದ್ದು ಉಣ್ಣುವ ಕೆಲಸದವಳು ಆ ಕುಟುಂಬದ ನಾಲ್ಕನೆಯವಳು. ಯಜಮಾನನಿಗೂ ಅವಳಿಗೂ ಏನು ಸಂಬಂಧ ಎಂಬ ಕಾಲಮಿನಲ್ಲಿ 'ಮನೆಗೆಲಸದವರು' ಎಂದು ಬರೆದರೆ ಆಯಿತು. ಆ ಮನೆಯವರು ಬೇಕೆಂದೇ ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. 'ನಿಮ್ಮ ಮನೆಯಲ್ಲಿ ಎಷ್ಟು ಮಂದಿ' ಅಂದರೆ ಅವಳು ಅವರ ನೆನಪಿಗೇ ಬರುವುದಿಲ್ಲ, ಅಷ್ಟೆ. ಅದೇ ಟವರಿನ ಪಂಪಿನ ಕೋಣೆಯಲ್ಲಿ ಸ್ಟೋವ್ ಇಟ್ಟುಕೊಂಡು ಮಲಗುತ್ತಿದ್ದ ವಾಚ್‌ಮನ್‌ಗೆ ನಾವು ಫಾರ್ಮನ್ನೇ ಕೊಟ್ಟಿರಲಿಲ್ಲ. ಇಪ್ಪತ್ತು ಫಾರ್ಮನ್ನು ಹಂಚಿದವನೇ ಅವನು!

ಇನ್ನು ಅಸಲ್ಫಾ. 2018ರಲ್ಲಿ ಗೋಡೆಗಳಿಗೆಲ್ಲ ಬಣ್ಣ ಬಳಿದ ಮೇಲೆ ಈ ಗುಡ್ಡ ಪೇಪರಿನಲ್ಲೆಲ್ಲ ಬಂದಿತ್ತು. ಮೆಟ್ರೋದಿಂದ ನೋಡಿದರೆ ಚೆಂದ, ಹತ್ತಿದರೆ ಮೊಣಕಾಲಿಗೆ ಗೊತ್ತು. ಇಲ್ಲಿ ಬಾಗಿಲು ತಟ್ಟುವ ಪ್ರಶ್ನೆಯೇ ಇಲ್ಲ, ಬಾಗಿಲು ತೆರೆದೇ ಇರುತ್ತದೆ. ಒಂದು ಖೋಲಿಯಲ್ಲಿ ಕೇಳಿದರೆ ನಾಲ್ಕು ಖೋಲಿಯವರು ಉತ್ತರ ಕೊಡುತ್ತಾರೆ. ಎರಡು ಸಂಜೆಯಲ್ಲಿ ಇಪ್ಪತ್ತೂ ಮುಗಿಯಿತು, ಏಳು ಕಪ್ಪು ಚಹಾ ಆಯಿತು.

ಆದರೆ ಇಲ್ಲಿನ ತೊಡಕು ಬೇರೆ. ಒಂದೇ ಖೋಲಿ, ಅಣ್ಣತಮ್ಮ ಇಬ್ಬರು, ಒಲೆ ಎರಡು. ಹಾಗಾದರೆ ಎರಡು ಕುಟುಂಬ. ಮುಂದಿನ ಖೋಲಿಯಲ್ಲಿ ಐದು ಮಂದಿ ಹುಡುಗರು, ಯಾರೂ ಯಾರಿಗೂ ನೆಂಟರಲ್ಲ, ಒಟ್ಟಿಗೆ ಅಡಿಗೆ. ಅವರದು ಒಂದು ಕುಟುಂಬ. ಇನ್ನೊಂದು ಕಡೆ ಹೊರಗಿನಿಂದ ಕಬ್ಬಿಣದ ಏಣಿ ಇಟ್ಟು ಮೇಲೆ ಪೋಟಮಾಳ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಪ್ರವೇಶದ ಬಾಗಿಲು ಬೇರೆ ಇದ್ದರೆ ಗಣತಿಗೆ ಅದು ಬೇರೆ ಮನೆ. ಆದರೆ ಕೆಳಗಿನ ಅಮ್ಮ "ಮೇಲೆ ಯಾರೂ ಇಲ್ಲ, ಸಾಮಾನು ಇಟ್ಟಿದೆ" ಅಂದರು. ಮೇಲಿನಿಂದ ಕುಕ್ಕರಿನ ಸೀಟಿ ಕೇಳಿಸಿತು. ನಾವೂ ನಕ್ಕೆವು, ಅವರೂ ನಕ್ಕರು. ಪುನರ್ವಸತಿಯ ಪಟ್ಟಿ ಬಂದರೆ ಖೋಲಿ ಯಾರ ಹೆಸರಿಗೆ ಹೋಗುತ್ತದೋ ಎಂಬ ಹೆದರಿಕೆ ಆ ನಗುವಿನ ಹಿಂದೆ ಇತ್ತು. ಅದೇ ಹೆದರಿಕೆಯಿಂದ ಹೆಚ್ಚು ಹೇಳುವವರೂ ಉಂಟು. ಊರಿಗೆ ಹೋಗಿ ವರ್ಷವಾದ ಮಗನನ್ನೂ "ಇಲ್ಲೇ ಇದ್ದಾನೆ" ಎಂದು ಬರೆಸುತ್ತಾರೆ. ಗಣತಿಯ ನಿಯಮ ಹಾಗಲ್ಲ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಆ ಅವಧಿ ಪೂರ್ತಿ ಹೊರಗೆ ಇದ್ದವನನ್ನು ಆ ಮನೆಯಲ್ಲಿ ಎಣಿಸುವಂತಿರಲಿಲ್ಲ.

ಕಾಲೇಜಿಗೆ ಒಪ್ಪಿಸುವ ಮುಂಚೆ ಫಾರ್ಮುಗಳನ್ನು ನಮ್ಮ ಟೀಚರಿಗೆ ತೋರಿಸಲು ಒಯ್ದೆ. ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಅಲ್ಲಿ ಐದನೆಯ ಇಯತ್ತೆಗೆ ಕಲಿಸಿದವರು ಇವರು, ಈಗ ನಿವೃತ್ತರು. 2010ರ ಮನೆಪಟ್ಟಿಗೂ 2011ರ ಎಣಿಕೆಗೂ ಇವರೇ ಚೀಲ ಹೆಗಲಿಗೆ ಹಾಕಿಕೊಂಡು ಹೋದವರು. ದೇಶದಲ್ಲಿ ಆ ಸಲ ದುಡಿದ ಸುಮಾರು 27 ಲಕ್ಷ ಮಂದಿಯಲ್ಲಿ ಹೆಚ್ಚಿನವರು ಇಂಥ ಶಾಲಾ ಶಿಕ್ಷಕರೇ.

ಟೀಚರ್ ಕನ್ನಡಕ ಹಾಕಿಕೊಂಡು ಅಸಲ್ಫಾದ ಕಟ್ಟು ಬಿಚ್ಚಿದರು. ನಾಲ್ಕು ಫಾರ್ಮು ನೋಡಿ ಕೆಳಗಿಟ್ಟರು.

"ಇದೆಂಥ ಮಾರಾಯ, ಆ ಗುಡ್ಡದ ಹೆಂಗಸರೆಲ್ಲ ಕೆಲಸ ಇಲ್ಲದೆ ಕೂತಿದ್ದಾರಾ?"

ಹೌದು, ಕೆಲಸದ ಕಾಲಮಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೆಂಗಸರಿಗೂ ನಾವು 'ಇಲ್ಲ' ಎಂದು ಬರೆದಿದ್ದೆವು. ನಾವು ಕೇಳಿದ್ದೆವು, ಅವರು "ಏನಿಲ್ಲ, ಮನೆಯಲ್ಲೇ" ಎಂದಿದ್ದರು. ಟೀಚರ್ ಕೇಳಿದರು, "ನೀನು ಕೂತದ್ದೆಲ್ಲಿ? ಪಕ್ಕದಲ್ಲಿ ಏನಿತ್ತು?" ಯೋಚಿಸಿದೆ. ಒಂದು ಖೋಲಿಯಲ್ಲಿ ನನ್ನ ಚಹಾದ ಕಪ್ಪು ಇಡಲಿಕ್ಕೆ ಜಾಗ ಮಾಡಲು ಆಕೆ ಹೇರ್‌ಕ್ಲಿಪ್ಪಿನ ರಾಶಿಯನ್ನು ಬದಿಗೆ ಸರಿಸಿದ್ದರು. ಹರಳು ಅಂಟಿಸಿ ಗ್ರೋಸಿನ ಲೆಕ್ಕದಲ್ಲಿ ಕೊಡುವುದು. ಒಂದು ಗ್ರೋಸ್ ಎಂದರೆ 144 ಎಂದು ಲೆಕ್ಕಶಾಸ್ತ್ರದಲ್ಲಿ ಕಲಿತ ನಾನು ಆ ರಾಶಿಯ ಪಕ್ಕದಲ್ಲಿ ಕೂತು, ಅವರ ಚಹಾ ಕುಡಿದು, 'ಕೆಲಸವಿಲ್ಲ' ಎಂದು ಬರೆದು ಬಂದಿದ್ದೆ.

ಟೀಚರ್ ಹೇಳಿದ ಮಾತು: "ಫಾರ್ಮಿನಲ್ಲಿ ಅಚ್ಚಾದದ್ದು ಮೊದಲನೆಯ ಪ್ರಶ್ನೆ ಮಾತ್ರ. ಎರಡನೆಯದನ್ನು ನೀನು ಕೇಳಬೇಕು. 'ಕೆಲಸ ಮಾಡ್ತೀರಾ' ಅಂದರೆ ಇಲ್ಲ ಅಂತಾರೆ. 'ಮನೆಯಲ್ಲಿ ಕೂತು ಏನಾದರೂ ಮಾಡಿ ಕೊಡ್ತೀರಾ' ಅಂತ ಕೇಳು."

ಗಣತಿಯಲ್ಲಿ ಕೆಲಸ ಎಂದರೆ ಆರ್ಥಿಕ ಉತ್ಪಾದನೆಯಲ್ಲಿ ಪಾಲುಗೊಳ್ಳುವುದು. ಸಂಬಳ ಬಂದರೂ ಸರಿ, ಬಾರದಿದ್ದರೂ ಸರಿ. ತನ್ನ ಮನೆಯವರಿಗೆ ಅಡಿಗೆ ಮಾಡುವುದು, ಗುಡಿಸುವುದು ಇದರಲ್ಲಿ ಸೇರುವುದಿಲ್ಲ (ಇದು ಸರಿಯೇ ಎಂಬುದು ಬೇರೆ ಜಗಳ). ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿಯ ಕೆಲಸಗಾರರು. ಮನೆಯೊಳಗೇ ವಸ್ತು ತಯಾರಿಸಿ ಕೊಟ್ಟರೆ ಅದಕ್ಕೆ 'ಗೃಹ ಕೈಗಾರಿಕೆ' ಎಂಬ ಪ್ರತ್ಯೇಕ ಕಾಲಮೇ ಇತ್ತು. ಹೆಂಗಸರ ದುಡಿಮೆ ಲೆಕ್ಕದಿಂದ ತಪ್ಪಿಹೋಗುತ್ತಿದೆ ಎಂಬ ದೂರು ಹಳೆಯದು. ಆದ್ದರಿಂದಲೇ 1991ರ ಫಾರ್ಮಿನಲ್ಲಿ ಕೆಲಸದ ಪ್ರಶ್ನೆಯ ಜೊತೆಗೆ, ಹೊಲದಲ್ಲಿ ಅಥವಾ ಮನೆತನದ ಉದ್ಯೋಗದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿದೆ ಎಂದು ಅಚ್ಚು ಹಾಕಿಸಿದರು. ಅಚ್ಚು ಹಾಕಿದ್ದನ್ನು ಬಾಯಿಬಿಟ್ಟು ಕೇಳುವವರು ಬೇಕಲ್ಲ!

ಟೀಚರ್ ಒಂದು ತಮಾಷೆಯನ್ನೂ ಹೇಳಿದರು. 2011ರಲ್ಲಿ ಚಾಳಿನ ಒಬ್ಬ ಅಜ್ಜಿ ಗಂಡನ ಹೆಸರು ಹೇಳಲೊಲ್ಲರು. ಒಡಪು ಕಟ್ಟಿ ಹೇಳುವ ವಯಸ್ಸೂ ಅಲ್ಲ. ಕೊನೆಗೆ ಗೋಡೆಯ ಕ್ಯಾಲೆಂಡರಿನ ತಿರುಪತಿ ತಿಮ್ಮಪ್ಪನನ್ನು ತೋರಿಸಿದರಂತೆ. ಟೀಚರ್ 'ತಿಮ್ಮಪ್ಪ' ಅಂತ ಬರೆದರು. ಮೊಮ್ಮಗ ಬಂದು "ಅಲ್ಲ, ವೆಂಕಟೇಶ" ಅಂದ. ಕಾಯ್ದೆ ಅಜ್ಜಿಯ ಪರವಾಗಿದೆ: ಹೇಳಬಾರದೆಂಬ ರೂಢಿ ಇದ್ದರೆ ಗಂಡನ ಹೆಸರು ಹೇಳಬೇಕೆಂದು ಹೆಂಗಸರನ್ನು ಒತ್ತಾಯಿಸುವಂತಿಲ್ಲ ಎಂದು 8ನೆಯ ಕಲಮಿನಲ್ಲೇ ಇದೆ.

ಎಣಿಕೆ ಮುಗಿದ ಮೇಲೆ ಆಯ್ದ ಕೆಲವು ಕಡೆ ಮತ್ತೊಮ್ಮೆ ಎಣಿಸಿ ತಾಳೆ ನೋಡುತ್ತಾರೆ. 2011ರಲ್ಲಿ ಹಾಗೆ ನೋಡಿದಾಗ ಸಾವಿರಕ್ಕೆ 23 ಮಂದಿ ತಪ್ಪಿಹೋಗಿದ್ದರು, ಹಳ್ಳಿಗಿಂತ ಪಟ್ಟಣದಲ್ಲಿ ಹೆಚ್ಚು. ಬೃಹನ್ಮುಂಬಯಿಯ ಎಣಿಸಿದ ಜನಸಂಖ್ಯೆ 1,24,42,373. ದೇಶದ ಸರಾಸರಿಯನ್ನೇ ಹಿಡಿದರೂ ಸುಮಾರು 2 ಲಕ್ಷ 86 ಸಾವಿರ ಮಂದಿ. ನಮ್ಮ ಪುಸ್ತಕದಲ್ಲಿ ಇಂಥ ತಪ್ಪುಗಳು ಅತ್ತ ಇತ್ತ ಸರಿದೂಗುತ್ತವೆ ಎಂಬಂತೆ ಬರೆದಿರುತ್ತದೆ. ಯಾದಗಿರಿಯ ಹುಡುಗಿ, ಪಂಪಿನ ಕೋಣೆಯ ವಾಚ್‌ಮನ್, ಪೋಟಮಾಳದ ಬಾಡಿಗೆಯವರು, ಹರಳು ಅಂಟಿಸುವವರು ಎಲ್ಲ ಒಂದೇ ಕಡೆಗೆ ಸೇರಿದವರು. ಇವರನ್ನು ಸರಿದೂಗಿಸಲು ಆಚೆ ತಕ್ಕಡಿಯಲ್ಲಿ ಯಾರಿದ್ದಾರೆ?

2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡಿನಿಂದ ಮುಂದೆ ಹೋಯಿತು. 2025ರ ಜೂನ್ 16ರ ಅಧಿಸೂಚನೆಯ ಪ್ರಕಾರ, ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟರೆ, ಹೊಸ ಗಣತಿಯ ಗಳಿಗೆ 2027ರ ಮಾರ್ಚ್ 1ರ ನಡುರಾತ್ರಿ. ಈ ಸಲ ಕಾಗದದ ಬದಲು ಮೊಬೈಲು. ಬೇಕಾದವರು ತಾವೇ ಇಂಟರ್‌ನೆಟ್ಟಿನಲ್ಲಿ ತುಂಬಿಸಲೂಬಹುದು. ಅನುಕೂಲವೇ ಸರಿ, ಆದರೆ ನನಗೆ ಅನಿಸುವುದೇನೆಂದರೆ ಇದು ನಮ್ಮ ಟವರಿನ ಪದ್ಧತಿಯೇ. ಚೆಂದದ ಉತ್ತರ ಬರುತ್ತದೆ, ಎರಡನೆಯ ಪ್ರಶ್ನೆ ಕೇಳುವವರು ಎದುರಿಗೆ ಇರುವುದಿಲ್ಲ.

ಟೀಚರ ಮನೆಯಿಂದ ಬಂದವನು ನನ್ನ ಚೀಲದಿಂದ ಒಂದು ಹಳೆಯ ಫಾರ್ಮು ತೆಗೆದೆ. ಅಭ್ಯಾಸಕ್ಕೆಂದು ಎಲ್ಲಕ್ಕಿಂತ ಮೊದಲು ನಮ್ಮ ಮನೆಯದನ್ನೇ ತುಂಬಿಸಿದ್ದೆ.

ಮಾತೃಭಾಷೆಯ ಕಾಲಮಿನಲ್ಲಿ 'ಕನ್ನಡ' ಎಂದಿತ್ತು. ಅಪ್ಪ ಹೇಳಿ ಬರೆಸಿದ್ದು. "ಕನ್ನಡದ ಲೆಕ್ಕ ಕಡಿಮೆಯಾದರೆ ಕನ್ನಡ ಶಾಲೆಯನ್ನು ಯಾರು ಕೇಳುತ್ತಾರೆ?" ಎಂಬುದು ಅವರ ವಾದ. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಬರೆಸಿದವರು ಸುಮಾರು 10 ಲಕ್ಷ, ಅದರಲ್ಲಿ ನಮ್ಮ ಮನೆಯಂಥ ತುಳು ಮನೆಗಳೆಷ್ಟೋ. ನಿಯಮದ ಪ್ರಕಾರ ಮಾತೃಭಾಷೆ ಎಂದರೆ ಚಿಕ್ಕಂದಿನಲ್ಲಿ ತಾಯಿ ನಮ್ಮೊಡನೆ ಆಡಿದ ಮಾತು. ನನಗೆ ಅದು ತುಳು. ತಿಳಿದಿರುವ ಇತರ ಎರಡು ಭಾಷೆಗಳ ಕಾಲಮಿನಲ್ಲಿ ಮೊದಲನೆಯದಾಗಿ ಕನ್ನಡ. ತಿದ್ದಿದೆ. ಸಂಘದ ಹಿರಿಯರು ಕೋಪಿಸಿಕೊಳ್ಳಬಾರದು.

ಕೆಳಗೆ ಅಮ್ಮನ ಸಾಲು. 'ಕೆಲಸ: ಇಲ್ಲ.' ನನ್ನದೇ ಅಕ್ಷರ.

ನಮ್ಮಮ್ಮ ಹನ್ನೆರಡು ವರ್ಷದಿಂದ ಸೀರೆಗೆ ಫಾಲ್ ಹಚ್ಚಿ ಕೊಡುತ್ತಾರೆ. ಎರಡು ಅಂಗಡಿಯವರು ಕಟ್ಟು ಕಳಿಸುತ್ತಾರೆ. ಹಬ್ಬದ ಸಮಯದಲ್ಲಿ ರಾತ್ರಿ ಒಂದು ಗಂಟೆಯವರೆಗೂ ದೀಪ ಆರುವುದಿಲ್ಲ. ನನ್ನ ಕಾಲೇಜಿನ ಫೀಜು ಯಾವ ಡಬ್ಬದಿಂದ ಬರುತ್ತದೆಂದು ನನಗೆ ಗೊತ್ತು. ಆ ಫಾರ್ಮನ್ನು ತುಂಬಿಸಿದ ರಾತ್ರಿಯೂ ಅಮ್ಮ ನನ್ನ ಎದುರಿಗೇ ಸೂಜಿ ಹಿಡಿದು ಕೂತಿದ್ದರು.

'ಇಲ್ಲ' ಎಂಬುದನ್ನು ಹೊಡೆದು 'ಗೃಹ ಕೈಗಾರಿಕೆ, ಮುಖ್ಯ ಕೆಲಸಗಾರರು' ಎಂದು ಬರೆಯಲು ಹೊರಟೆ. ಅಮ್ಮ ಕೇಳಿದರು, ಏನು ತಿದ್ದುತ್ತಿ ಅಂತ. ಹೇಳಿದೆ.

"ಅದನ್ನೆಲ್ಲ ಯಾಕೆ ಬರೆಯುವುದು? ನಾಳೆ ಟ್ಯಾಕ್ಸು ಅಂತ ಬಂದರೆ?"

ಗಣತಿಗೆ ಕೊಟ್ಟ ಉತ್ತರವನ್ನು ಬೇರೆಯವರಿಗೆ ತೋರಿಸುವಂತಿಲ್ಲ, ಗಣತಿ ಕಾಯ್ದೆಯ ಮೊಕದ್ದಮೆ ಬಿಟ್ಟರೆ ಇನ್ನಾವ ಕೋರ್ಟಿನಲ್ಲೂ ಸಾಕ್ಷಿಯಾಗಿ ಒಪ್ಪುವುದಿಲ್ಲ, 15ನೆಯ ಕಲಮು ನೋಡು ಎಂದು ವಿವರಿಸಿದೆ. ಇದು ಹೇಗೂ ಕಾಲೇಜಿನ ಅಭ್ಯಾಸದ ಫಾರ್ಮು ಎಂದೂ ಹೇಳಿದೆ. ಅಮ್ಮ ಹಲ್ಲಿನಿಂದ ದಾರ ಕಡಿದು, ಸೀರೆ ಮಡಿಸಿ, ಸ್ವಲ್ಪ ಹೊತ್ತು ಯೋಚಿಸಿದರು.

"ಸರಿ, ಬರೆ. ಆದರೆ ಪೆನ್ಸಿಲಿನಲ್ಲಿ ಬರೆ" ಅಂದರು.