ಪಾಠ 9: ತಡಸಲ ಮರದ ಬಿಲ್ಲು



ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಇತ್ತು. ಅರ್ಜುನನ ಪಾತ್ರಕ್ಕೆ ಒಂದು ಬಿಲ್ಲು ಬೇಕಿತ್ತು. ಪೇಟೆಯಿಂದ ಯಾಕೆ ತರಬೇಕು? ನಾವೇ ಮಾಡ್ತೀವಿ ಅಂತ ಕಲಿಕಾ ಕೇಂದ್ರದ ಸ್ವಯಂಸೇವಕರು ಒಪ್ಪಿಕೊಂಡೆವು.

ಕೇಂದ್ರದ ಹಿಂದೆ ಒಂದು ಸೀಬೆ ಮರ ಇದೆ. ಅದರ ಒಂದು ನೆಟ್ಟನೆ ಕೊಂಬೆ ಕಡಿದೆವು. ಅವತ್ತೇ ಬಗ್ಗಿಸಿ ಹಗ್ಗ ಕಟ್ಟಿದೆವು. ಕೊಂಬೆ ಚೆನ್ನಾಗಿ ಬಾಗಿತು. ಆದರೆ ಹಗ್ಗ ಬಿಚ್ಚಿದರೂ ಮತ್ತೆ ನೆಟ್ಟಗಾಗಲಿಲ್ಲ. ಹಸಿ ಇದೆ, ಒಣಗಲಿ ಅಂತ ಬಿಸಿಲಿಗೆ ಹಾಕಿದೆವು. ಮೂರನೇ ದಿನಕ್ಕೆ ತುದಿಯಲ್ಲಿ ಸೀಳು ಬಿಟ್ಟಿತು. ಆದರೂ ಬಿಡಲಿಲ್ಲ. ಜೋರಾಗಿ ಎಳೆದೆವು. ಪಟ್ ಅಂತ ಮುರಿಯಿತು. ಒಂದು ಸಿಬಿರು ಹಾರಿ, ಪಕ್ಕದಲ್ಲಿ ನಿಂತಿದ್ದ ಹುಡುಗನ ಹುಬ್ಬಿಗೆ ಬಡಿಯಿತು. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ನಮಗೆಲ್ಲ ಕೈಕಾಲು ನಡುಗಿತು. ಆಗ ನಮ್ಮ ಕೇಂದ್ರಕ್ಕೆ ಓದಲು ಬರುವ ತಾತ ಒಬ್ಬರು ಮುರಿದ ತುಂಡು ಎತ್ತಿ ನೋಡಿದರು.

"ಮೇಷ್ಟ್ರೇ, ಇದು ಮರದ ತಪ್ಪಲ್ಲ. ಆತುರದ ತಪ್ಪು" ಅಂದರು.

ಆ ನಾಟಕಕ್ಕೆ ಬಿದಿರಿನ ಬಿಲ್ಲೇ ಗತಿಯಾಯಿತು. ಆಮೇಲೆ ತಾತನೇ ನಮಗೆ ಮೇಷ್ಟ್ರಾದರು. ಅವರು ಕಲಿಸಿದ್ದೇ ಈ ಪಾಠ.

ಯಾವ ಮರ?

ಒಂದೊಂದು ಮರಕ್ಕೆ ಒಂದೊಂದು ಕೆಲಸ. ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ನೇರಳೆ ಮರ ನೀರಲ್ಲಿ ಬೇಗ ಕೊಳೆಯುವುದಿಲ್ಲ. ಬಿಲ್ಲಿಗೆ ಬೇರೆ ಗುಣ ಬೇಕು. ಮರ ಬಾಗಬೇಕು. ಬಿಟ್ಟ ಕೂಡಲೇ ಮತ್ತೆ ನೆಟ್ಟಗಾಗಬೇಕು. ಮುರಿಯಬಾರದು.

ಈ ಗುಣ ಇರುವ ಮರ ತಡಸಲು. ಕೆಲವು ಕಡೆ ದಡಸಲು ಅಂತಾರೆ. ನಮ್ಮ ರಾಜ್ಯದ ಎಲೆ ಉದುರುವ ಕಾಡುಗಳಲ್ಲಿ ಇದು ಬೆಳೆಯುತ್ತದೆ. ಬಟಾಣಿ ಗಾತ್ರದ ಹಣ್ಣು ಬಿಡುತ್ತದೆ. ಹಣ್ಣು ಮಾಗಿದಾಗ ಕಪ್ಪಾಗುತ್ತದೆ. ತಿಂದರೆ ಹುಳಿ ಹುಳಿ. ಹಕ್ಕಿಗಳಿಗೂ ಮಕ್ಕಳಿಗೂ ಇಷ್ಟ. ಇದರ ಸೊಪ್ಪು ದನಗಳಿಗೆ ಮೇವು. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಮರದಿಂದ ಕೊಡಲಿ ಕಾವು, ಹೊರೆ ಹೊರುವ ಅಡ್ಡೆ ಮಾಡುತ್ತಾರೆ.

ಸಂಸ್ಕೃತದಲ್ಲಿ ಈ ಮರಕ್ಕೆ ಧನ್ವನ ಎಂಬ ಹೆಸರಿದೆ. ಧನ್ವ ಎಂದರೆ ಬಿಲ್ಲು. ಮರದ ಹೆಸರಲ್ಲೇ ಅದರ ಕೆಲಸ ಇದೆ ನೋಡಿ!

ತಡಸಲಿನ ಹತ್ತಿರದ ನೆಂಟ ಫಾಲ್ಸಾ. ಉತ್ತರ ಭಾರತದಲ್ಲಿ ಬೇಸಿಗೆಗೆ ಇದರ ಹಣ್ಣಿನ ಶರಬತ್ತು ಮಾಡುತ್ತಾರೆ. ಇದರ ಕಟ್ಟಿಗೆಯೂ ಚೆನ್ನಾಗಿ ಬಾಗುತ್ತದೆ. ಅದರಿಂದಲೂ ಬಿಲ್ಲು ಮಾಡುತ್ತಾರೆ. ಇನ್ನು ಹಿಪ್ಪುನೇರಳೆ ಎಲ್ಲರಿಗೂ ಗೊತ್ತು. ಎಲೆ ರೇಷ್ಮೆ ಹುಳಕ್ಕೆ, ಹಣ್ಣು ಮಕ್ಕಳಿಗೆ. ದೂರದ ಕೊರಿಯಾ ದೇಶದ ಹಳೇ ಕಾಲದ ಬಿಲ್ಲಿನಲ್ಲಿ ನಡುವೆ ಬಿದಿರು ಇರುತ್ತದೆ. ಒಂದು ಮೈಗೆ ಎಮ್ಮೆಯ ಕೊಂಬು ಅಂಟಿಸುತ್ತಾರೆ. ತುದಿಗಳಿಗೆ ಹಿಪ್ಪುನೇರಳೆ ಮರ ಹಾಕುತ್ತಾರೆ.

ಮರ ಹೇಗೆ ಬಾಗುತ್ತದೆ?

ನಿಮ್ಮ ಮೊಣಕೈ ಮಡಚಿ ನೋಡಿ. ಹೊರಗಡೆ ಚರ್ಮ ಬಿಗಿಯುತ್ತದೆ. ಒಳಗಡೆ ಚರ್ಮ ಸುಕ್ಕಾಗುತ್ತದೆ. ಬಿಲ್ಲೂ ಹಾಗೆಯೇ. ಗುರಿಯ ಕಡೆ ಇರುವುದು ಹೊರಮೈ. ನಮ್ಮ ಕಡೆ ಇರುವುದು ಒಳಮೈ. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ. ಒಳಮೈ ಕುಗ್ಗುತ್ತದೆ.

ಮರದ ಒಳಗೆ ಉದ್ದಕ್ಕೆ ನಾರು ಇರುತ್ತದೆ. ಹೊರಮೈಯ ನಾರು ತುಂಡಾದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಅದಕ್ಕೇ ತಾತ ಹೇಳಿದ್ದು: "ತೊಗಟೆ ಸುಲಿದ ಮೇಲೆ ಹೊರಮೈಗೆ ಮಚ್ಚು ಮುಟ್ಟಿಸಬ್ಯಾಡಿ. ಹೆರೆಯೋದೆಲ್ಲ ಒಳಮೈಯಾಗೆ."

ಒಣಗಿಸುವ ಲೆಕ್ಕ

ತಾತನ ಹೊಲದ ಬದುವಿನಲ್ಲಿ ಒಂದು ತಡಸಲು ಇದೆ. ಅದರ ಒಂದು ಕೊಂಬೆ ರಾಗಿಗೆ ನೆರಳಾಗಿತ್ತು. ಅದನ್ನು ಮಾತ್ರ ಕಡಿದೆವು. ಮರ ಹಾಗೇ ಉಳಿಯಿತು. ಕೊಂಬೆ ಮಣಿಕಟ್ಟಿನಷ್ಟು ದಪ್ಪ. ಆಳೆತ್ತರದ ಉದ್ದ. ಗಂಟು ಇಲ್ಲ, ತಿರುಚು ಇಲ್ಲ. ಉದ್ದಕ್ಕೆ ಎರಡು ಹೋಳು ಸೀಳಿದೆವು. ತೊಗಟೆ ಸುಲಿದೆವು. ಎರಡೂ ತುದಿಗೆ ಮೇಣ ಬಳಿದೆವು. ಯಾಕೆ ಗೊತ್ತೇ? ಮರದ ನೀರು ತುದಿಯಲ್ಲಿ ಬೇಗ ಆರುತ್ತದೆ. ತುದಿ ಬೇಗ ಒಣಗಿದರೆ ಸೀಳು ಬಿಡುತ್ತದೆ. ಆಮೇಲೆ ಹೋಳುಗಳನ್ನು ನೆರಳಲ್ಲಿ, ಗಾಳಿ ಆಡುವ ಅಟ್ಟದ ಮೇಲೆ ಇಟ್ಟೆವು.

ಒಣಗಿದ್ದು ಗೊತ್ತಾಗುವುದು ಹೇಗೆ? ತಾತನಿಗೆ ಬೆರಳಲ್ಲಿ ಬಡಿದರೆ ಸದ್ದಿನಿಂದಲೇ ಗೊತ್ತಾಗುತ್ತದೆ. ನಮಗೆ ಗೊತ್ತಾಗಲಿಲ್ಲ. ನಾವು ತಕ್ಕಡಿ ತಂದೆವು. ಮೊದಲ ದಿನ ಒಂದು ಹೋಳಿನ ತೂಕ 2 ಕಿಲೋ 600 ಗ್ರಾಂ. ತಿಂಗಳಿಗೆ ಒಮ್ಮೆ ತೂಗಿ ಗೋಡೆ ಮೇಲೆ ಬರೆದೆವು. ತೂಕ ಇಳಿಯುತ್ತಾ ಬಂತು. ಕೊನೆಗೆ 1 ಕಿಲೋ 900 ಗ್ರಾಂಗೆ ನಿಂತಿತು. ಮುಂದಿನ ತಿಂಗಳೂ ಅಷ್ಟೇ. ಆಗ ತಾತ ಬಡಿದು ನೋಡಿ, "ಈಗ ಆಯ್ತು" ಅಂದರು. ಅವರ ಕಿವಿ, ನಮ್ಮ ತಕ್ಕಡಿ ಎರಡೂ ಒಂದೇ ಮಾತು ಹೇಳಿದವು.

ಬಿಲ್ಲು ಮಾಡುವುದು

ಮಧ್ಯದಲ್ಲಿ ಕೈ ಹಿಡಿಯುವ ಜಾಗ ದಪ್ಪ ಬಿಡಬೇಕು. ಅಲ್ಲಿಂದ ಎರಡೂ ಕಡೆಗೆ ಒಳಮೈ ಹೆರೆಯುತ್ತಾ ತುದಿಯನ್ನು ತೆಳ್ಳಗೆ ಮಾಡಬೇಕು. ತುದಿಗಳಲ್ಲಿ ಹಗ್ಗ ಕೂರಲು ಕಚ್ಚು ಹಾಕಬೇಕು. ಬಿಲ್ಲಿಗೆ ಕಟ್ಟುವ ಹಗ್ಗಕ್ಕೆ ಹೆದೆ ಅಂತ ಹೆಸರು.

ಮುಖ್ಯ ಕೆಲಸ ಇನ್ನು ಮುಂದೆ. ಮೊದಲು ಹೆದೆಯನ್ನು ಸಡಿಲವಾಗಿ ಕಟ್ಟಿ. ಬಿಲ್ಲಿನ ಹಿಡಿಯನ್ನು ಕಂಬಕ್ಕೆ ಆನಿಸಿ. ಹೆದೆಯನ್ನು ಸ್ವಲ್ಪ ಎಳೆಯಿರಿ. ಇನ್ನೊಬ್ಬರು ದೂರ ನಿಂತು ನೋಡಲಿ. ಎರಡೂ ಕಡೆ ಒಂದೇ ಸಮ ಬಾಗುತ್ತಿದೆಯೇ? ಬಾಗದೆ ಬಿರುಸಾಗಿರುವ ಕಡೆ ಒಂದು ಸುತ್ತು ಹೆರೆಯಿರಿ. ಜಾಸ್ತಿ ಬಾಗುವ ಕಡೆ ಮುಟ್ಟಬೇಡಿ. ಮತ್ತೆ ಎಳೆಯಿರಿ, ಮತ್ತೆ ನೋಡಿ. ಹೆಚ್ಚು ಹೆರೆದ ಮರವನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಈ ಕೆಲಸಕ್ಕೇ ನಮಗೆ ನಾಲ್ಕು ಭಾನುವಾರ ಹಿಡಿಯಿತು.

ಎರಡೂ ಕಡೆ ಸಮ ಬಾಗಿದ ಮೇಲೆ ಹೆದೆ ಬಿಗಿದೆವು. ಹಿಡಿಗೂ ಹೆದೆಗೂ ನಡುವೆ ಸುಮಾರು 6 ಇಂಚು ಜಾಗ ಬಿಟ್ಟೆವು. ಕೊನೆಗೆ ಎಣ್ಣೆ ಸವರಿದೆವು.

ನೆನಪಿಡಿ

ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಬಡಿದು ಬಿಲ್ಲು ಮುರಿಯಬಹುದು. ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡಿ. ಸೀಳು ಕಂಡ ಬಿಲ್ಲನ್ನು ಎಳೆಯಬೇಡಿ. ಜನರ ಕಡೆಗೆ, ದನಕರುಗಳ ಕಡೆಗೆ ಎಂದೂ ಗುರಿ ಹಿಡಿಯಬೇಡಿ. ಮಕ್ಕಳು ಬಾಣ ಬಿಡುವಾಗ ದೊಡ್ಡವರು ಜೊತೆಗಿರಿ.

ಕಾನೂನೂ ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಆ ಕಾಯ್ದೆ ಆಯುಧ ಎಂದು ಹೇಳುವ ವಸ್ತುಗಳಲ್ಲಿ ಬಿಲ್ಲು ಬಾಣವೂ ಸೇರಿದೆ. ಅರಣ್ಯದಲ್ಲಿ ಮರ ಕಡಿಯುವುದೂ ತಪ್ಪು. ನಮ್ಮ ಹೊಲದ ಮರದಲ್ಲೂ ಸವರಬೇಕಾದ ಕೊಂಬೆ ಮಾತ್ರ ಸಾಕು. ಫಾಲ್ಸಾ ಗಿಡವನ್ನು ಹೇಗೂ ವರ್ಷಕ್ಕೊಮ್ಮೆ ಸವರುತ್ತಾರೆ. ಹೊಸ ಚಿಗುರಿನಲ್ಲೇ ಅದು ಹಣ್ಣು ಬಿಡುವುದು. ಒಂದು ಬಿಲ್ಲಿಗಾಗಿ ಹಣ್ಣಿನ ಮರ ಉರುಳಿಸುವ ಅಗತ್ಯವೇ ಇಲ್ಲ.

ಹಾಗಾದರೆ ಬಿಲ್ಲು ಯಾತಕ್ಕೆ? ಆಟಕ್ಕೆ. ರಾಜಸ್ಥಾನದ ಲಿಂಬಾ ರಾಮ್ ಬುಡಕಟ್ಟಿನ ಬಡ ಮನೆಯವರು. ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದವರು. 1988, 1992 ಮತ್ತು 1996ರ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಬಾಣ ಬಿಟ್ಟರು. ಕೈಯಲ್ಲಿದ್ದ ವಿದ್ಯೆ ಅವರನ್ನು ಅಷ್ಟು ದೂರ ಕರೆದುಕೊಂಡು ಹೋಯಿತು.

ಒಂದು ಪದ ಬಿಟ್ಟುಹೋಗಿತ್ತು

ತಾತ ಹೇಳಿದ್ದನ್ನೆಲ್ಲ ನಾವು ಬರೆದುಕೊಂಡೆವು. ಒಂದು ಸಂಜೆ ಅವರ ಕೈಗೇ ಕೊಟ್ಟು ಓದಿ ಅಂದೆವು. ಅಕ್ಷರ ಕಲಿಯಲು ಬಂದು ಆಗಿನ್ನೂ ಒಂದು ವರ್ಷ ಆಗಿತ್ತು. ಬೆರಳಿಟ್ಟು ಒಂದೊಂದೇ ಪದ ಓದಿದರು. "ಮರವನ್ನು ಚೆನ್ನಾಗಿ ಒಣಗಿಸಬೇಕು" ಎಂಬ ಸಾಲಿಗೆ ಬಂದು ನಿಂತರು.

"ಮೇಷ್ಟ್ರೇ, ಇಲ್ಲಿ ಒಂದು ಮಾತು ಬಿಟ್ಟೀರಿ. ಹಿಂಗೇ ಬಿಟ್ರೆ ಓದಿದೋರು ಬಿಸಿಲಿಗೆ ಹಾಕ್ತಾರೆ. ಮರ ಸೀಳ್ತದೆ. ನಿಮಗಾದಂಗೇ ಆಯ್ತದೆ."

ನಾವು ತಲೆ ತಗ್ಗಿಸಿದೆವು. ತಾತ ಪೆನ್ಸಿಲ್ ತಗೊಂಡರು. ಸಾಲಿನ ಮೇಲೆ ದಪ್ಪ ಅಕ್ಷರದಲ್ಲಿ ತಾವೇ ಬರೆದರು: ನೆರಳಲ್ಲಿ.

ಹೊಸ ಪದಗಳು

ಹೆದೆ: ಬಿಲ್ಲಿಗೆ ಕಟ್ಟುವ ಹಗ್ಗ
ಸಿಬಿರು: ಮರದ ಚೂಪಾದ ಸಣ್ಣ ಚೂರು
ಕಚ್ಚು: ಹಗ್ಗ ಕೂರಲು ಕೊರೆದ ಗುರುತು
ಸವರು: ಬೇಡದ ಕೊಂಬೆ ಕತ್ತರಿಸು

ಉತ್ತರ ಹೇಳಿ

1. ಸೀಬೆ ಕೊಂಬೆಯ ಬಿಲ್ಲು ಯಾಕೆ ಮುರಿಯಿತು?
2. ಬಿಲ್ಲಿನ ಯಾವ ಮೈಯನ್ನು ಹೆರೆಯಬೇಕು? ಯಾಕೆ?
3. ಒಂದು ಹೋಳಿನ ತೂಕ 2 ಕಿಲೋ 600 ಗ್ರಾಂನಿಂದ 1 ಕಿಲೋ 900 ಗ್ರಾಂಗೆ ಇಳಿಯಿತು. ಎಷ್ಟು ಗ್ರಾಂ ನೀರು ಆರಿತು?

ಬರೆಯಿರಿ

ನಿಮಗೆ ಕೈಯಲ್ಲಿ ಬರುವ ಒಂದು ಕೆಲಸ ಯಾವುದು? ಚಾಪೆ ಹೆಣೆಯುವುದೇ, ಕಣಜ ಕಟ್ಟುವುದೇ, ಬೀಜ ಕಾಪಾಡುವುದೇ? ಅದನ್ನು ಐದು ಸಾಲಿನಲ್ಲಿ ಬರೆಯಿರಿ. ಆ ಕೆಲಸ ಬಲ್ಲ ಇನ್ನೊಬ್ಬರಿಗೆ ಓದಿ ಹೇಳಿ. ಯಾವ ಮಾತು ಬಿಟ್ಟುಹೋಗಿದೆ ಅಂತ ಕೇಳಿ. ಆ ಮಾತನ್ನೂ ಸೇರಿಸಿ.