ದಹನದ ಪಾಠ: ಕಾರು, ಸೈಕಲ್ಲು, ರೊಟ್ಟಿ

ತಿಕೋಟಾದಲ್ಲಿ ಅಭ್ಯಾಸ ಬೋಧನೆ, 8ನೇ ತರಗತಿ, ‘ದಹನ ಮತ್ತು ಜ್ವಾಲೆ’. ವಿಜಯಪುರದ ಕೋಣೆಯಲ್ಲಿ ಕುಳಿತು ಬರೆದ ಪೀಠಿಕಾ ಪ್ರಶ್ನೆ: ‘ಕಿರಾಣಿ ತರಲು ಕಾರು ಬಿಟ್ಟು ಸೈಕಲ್ಲಿನಲ್ಲಿ ಹೋದರೆ ಏನು ಉಳಿಯುತ್ತದೆ?’ ನಿರೀಕ್ಷಿತ ಉತ್ತರ: ಪೆಟ್ರೋಲ್.

ಮಕ್ಕಳು ಮುಖ ಮುಖ ನೋಡಿಕೊಂಡರು. ‘ನಮ್ಮಪ್ಪ ಸೈಕಲ್ ಮ್ಯಾಲೇ ಸಂತಿ ತರ್ತಾನ್ರಿ ಸರ್, ಕಾರ್ ಎಲ್ಲೈತ್ರಿ?’ ಎಂದಳೊಬ್ಬಳು. ನಾಚಿಕೆಯಾಯಿತು. ಬಬಲೇಶ್ವರದಲ್ಲಿ ನಾನೂ ಸರ್ಕಾರ ಕೊಟ್ಟ ಸೈಕಲ್ಲಿನ ಕ್ಯಾರಿಯರಿಗೆ ಜೋಳದ ಚೀಲ ಕಟ್ಟಿ ತಂದವನೇ.

ಪ್ರಶ್ನೆ ತಿರುಗಿಸಿದೆ: ‘ಸೈಕಲ್ ತುಳಿಯುವಾಗ ಉರಿಯುವುದೇನು?’

‘ರೊಟ್ಟಿ ರೀ!’

ಎಲ್ಲರೂ ನಕ್ಕರು, ಉತ್ತರ ಮಾತ್ರ ಸರಿಯಾಗಿತ್ತು. ಆಹಾರ ದೇಹದ ಇಂಧನ. ಆಕ್ಸಿಜನ್ ಜೊತೆ ಸೇರಿ, ಜ್ವಾಲೆಯಿಲ್ಲದೆ, ಮೆಲ್ಲಗೆ ಶಕ್ತಿ ಕೊಡುತ್ತದೆ.

ಆಮೇಲೆ, 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದ: ‘ಲೀಟರ್ ಪೆಟ್ರೋಲ್ ಒಂದ್ ಕೆ.ಜಿ.ನೂ ತೂಗಂಗಿಲ್ರಿ. 2.3 ಹೆಂಗಾತ್ರಿ?’ ನನ್ನ ಯೋಜನೆಯಲ್ಲಿ ಇದಿರಲಿಲ್ಲ. ‘ನಾಳೆ ಹೇಳ್ತೀನಿ’ ಎಂದೆ.

ಮರುದಿನ ಲೆಕ್ಕ ಬಿಡಿಸಿದೆವು. 12 ಗ್ರಾಂ ಕಾರ್ಬನ್ನಿಗೆ 32 ಗ್ರಾಂ ಆಕ್ಸಿಜನ್, ಒಟ್ಟು 44. ಹೆಚ್ಚಿನ ತೂಕ ಗಾಳಿಯಿಂದ ಬಂದದ್ದು.

‘ಹಂಗಾರ ಗಾಳಿಗೂ ತೂಕ ಐತ್ರಿ?’ ಎಂದ ಅದೇ ಹುಡುಗ. ಮುಂದಿನ ಪಾಠದ ಪೀಠಿಕೆಗೆ ಅವನ ಪ್ರಶ್ನೆಯನ್ನೇ ಬರೆದುಕೊಂಡಿದ್ದೇನೆ.